ಟೇಲರಮ್ಮನ ಆಸರೆ

ಹೊಸಪೇಟೆಯಲ್ಲಿ ನಮ್ಮ ಪಕ್ಕದ ಮನೆಯವರು ಟೇಲರಮ್ಮ. ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡೇ ಮರೆತು ಚರ್ಚಿಗೂ ಹೋಗಿಬಿಡುತ್ತಿದ್ದರು. ಅವರ ಮಗ ಮತ್ತು ನನ್ನ ತಮ್ಮ ಗೆಳೆಯರು. ಸಂಡೂರಿನ ಕಡೆ ಕೆಲಸ ಹುಡುಕಿಕೊಂಡು ಹೋಗಿದ್ದಾಗ, ಕಳ್ಳರೆಂದು ತಿಳಿದು ಜನ ಇಬ್ಬರನ್ನೂ ಹೊಡೆದು ಕೊಂದರು.

ಆಮೇಲೆ ನನಗೆ ಅನ್ನ ಸೇರಲಿಲ್ಲ. ಟೇಲರಮ್ಮ ಮಾತ್ರ ಮಿಷನ್ ತುಳಿಯುತ್ತಿದ್ದರು. ಅಳು ಬಂದರೆ ಬಟ್ಟೆ ಪಕ್ಕಕ್ಕಿಟ್ಟು ಅತ್ತು, ಮುಖ ಒರೆಸಿಕೊಂಡು, "ಕಡೀ ಮಾತು ಹೊಡದವರದಲ್ಲವ್ವಾ, ಯೇಸಪ್ಪಂದು" ಎನ್ನುತ್ತಿದ್ದರು. ಕೇಳಿದಾಗಲೆಲ್ಲ ನನ್ನ ಹೊಟ್ಟೆ ಉರಿಯುತ್ತಿತ್ತು. ಸಂಕಟ ಇಬ್ಬರದೂ ಒಂದೇ ಆಗಿರುವಾಗ ಆಸರೆ ಅವರೊಬ್ಬರಿಗೇ ಏಕೆ? ನಾನೂ ಹಂಪಿಗೆ ಹೋಗಿ ವಿರೂಪಾಕ್ಷನ ಮುಂದೆ ಕೈಮುಗಿದೆ. ಹೊಡೆದವರು ಸಾಯಲಿ ಎಂಬುದರ ಹೊರತು ಬೇರೇನೂ ಬಾಯಿಗೆ ಬರಲಿಲ್ಲ.

ಒಂದು ಮಧ್ಯಾಹ್ನ ನಾನು ಅವರ ಮನೆಯಲ್ಲಿದ್ದಾಗ, ಹೊಡೆದವರಲ್ಲೊಬ್ಬನ ತಾಯಿ ಬಂದು ಬಾಗಿಲಲ್ಲಿ ನಿಂತಳು. ಅವಳನ್ನು ಕೋರ್ಟಿನಲ್ಲಿ ನೋಡಿದ್ದೆ.

"ಆಕಿನ್ನ ಹೊರಗ ಕಳಸ್ರಿ!" ಎಂದು ನಾನು ಎದ್ದೆ.

ಟೇಲರಮ್ಮ ಮಿಷನ್ ನಿಲ್ಲಿಸಿದರು. ಬಟ್ಟೆ ಪಕ್ಕಕ್ಕಿಟ್ಟು, ಸ್ಟೂಲು ಅವಳತ್ತ ಸರಿಸಿದರು. "ಕುಂದ್ರವ್ವಾ. ನಿನ್ನ ಮಗನ್ನ ಕ್ಷಮಿಸಾಕ ನನಗಿನ್ನೂ ಆಗಿಲ್ಲ. ಆಗೋ ಹಂಗ ಮಾಡಪಾ ಅಂತ ಯೇಸಪ್ಪನ್ನ ದಿನಾ ಬೇಡಕೊಳ್ಳಾಕತ್ತೀನಿ."

ಆ ಹೆಂಗಸು ಅವರ ಮಡಿಲಿಗೆ ಕುಸಿದಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ಟೇಲರಮ್ಮ ನನ್ನ ಕಡೆಗೂ ಕೈಚಾಚಿ, "ನೀನೂ ಬಾರವ್ವಾ" ಎಂದರು.

ನನಗೆ ಅವರ ಬಳಿ ಹೋಗಲಾಗಲಿಲ್ಲ, ಮನೆಗೆ ಹೊರಡಲೂ ಆಗಲಿಲ್ಲ. ಆ ಇಬ್ಬರು ತಾಯಂದಿರ ಅಳುವಿನ ಮೇಲೂ ಹೊಟ್ಟೆಕಿಚ್ಚು ಪಡುತ್ತಾ ಅಲ್ಲೇ ನಿಂತಿದ್ದೆ.