ಎದುರುಮನೆಯ ಹಿಮ್ಮೇಳ

ಅಡುಗೆಮನೆಯ ಹಳೆಯ ಕಟ್ಟೆಯನ್ನು ಒಡೆಸುತ್ತಿದ್ದೇವೆ. ಗ್ರಾನೈಟು ಕೊಯ್ಯುವಾಗ ಏಳುವ ಒದ್ದೆ ಧೂಳಿನ ವಾಸನೆ ಮೂಗಿಗೆ ಬಡಿದದ್ದೇ, ಎದುರುಮನೆಯ ಮಾಮ ನೆನಪಾದರು...

ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳವು. ಮರಾಠಿ ನೆಲದ ಠಾಕುರ್ಲಿಯ ಈ ಬಿಲ್ಡಿಂಗಿನಲ್ಲಿ ಕನ್ನಡದ ಮನೆಗಳು ಎರಡೇ: ನಮ್ಮದು, ಅವರದು. ಮಾಮ ಉಡುಪಿ ಕಡೆಯವರು, ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ. ಗಣಿಗಳಿರುವ ಊರುಗಳಿಗೆ ಹೋಗಿ, ಅಲ್ಲಿನ ಮಣ್ಣಿನಿಂದ ತಾನಾಗಿ ಹೊಮ್ಮುವ ವಿಕಿರಣವನ್ನು ಕೈಯಲ್ಲಿ ಹಿಡಿಯುವ ಯಂತ್ರದಿಂದ ಅಳೆಯುವುದು ಅವರ ಕೆಲಸ. ಟೂರಿಗೆ ಮೊದಲು ಯಂತ್ರ ಮನೆಗೆ ಬರುತ್ತಿತ್ತು. ಪರೀಕ್ಷಿಸಲೆಂದು ಹಚ್ಚಿದ್ದನ್ನು ಆರಿಸುತ್ತಲೇ ಇರಲಿಲ್ಲ. ಟಿಕ್... ಟಿಕ್‌ಟಿಕ್... ಬಾಗಿಲಾಚೆಗೂ ಕೇಳುತ್ತಿತ್ತು.

"ಎಂತ ಮಾರಾಯ್ರೆ ಅದು, ಬಾಂಬಾ?" ಎಂದು ಅಮ್ಮ ಒಮ್ಮೆ ಕೇಳಿದಳು.

"ಯಕ್ಷಗಾನದ ಹಿಮ್ಮೇಳ ಅಕ್ಕ. ವೇಷ ಬರ್ಲಿ ಬಿಡ್ಲಿ, ಚೆಂಡೆ ಮದ್ದಳೆ ಇರ್ತದಲ್ಲ, ಹಾಗೆ. ಎಲ್ಲ ಕಡೆಯೂ ಉಂಟು ಇದು." ಆಮೇಲೆ, "ಮನೆಯಲ್ಲಿ ಒಂದು ಸದ್ದಾದ್ರೂ ಬೇಕಲ್ಲ" ಎಂದರು.

ಅಮ್ಮ ಅವರನ್ನು ಊಟಕ್ಕೆ ಕರೆದಳು. ಅಂದಿನಿಂದ ಆದಿತ್ಯವಾರದ ಊಟ ನಮ್ಮಲ್ಲೇ. ಆ ಒಂದು ಊಟಕ್ಕೆ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತಿದ್ದರು.

ಒಂದು ಆದಿತ್ಯವಾರ ಯಂತ್ರವನ್ನೂ ತಂದರು. ಅಮ್ಮನನ್ನು ನಗಿಸಲೆಂದು, ಆಗಷ್ಟೇ ಹಾಕಿಸಿದ ಗ್ರಾನೈಟು ಕಟ್ಟೆಯ ಮೇಲಿಟ್ಟರು. ಅದು ಬಡಬಡನೆ ಬಾರಿಸತೊಡಗಿತು.

"ನೋಡಿ ಅಕ್ಕ, ನನ್ನ ಮನೆಗಿಂತ ನಿಮ್ಮಲ್ಲೇ ಹಿಮ್ಮೇಳ ಜೋರು!"

ಅಮ್ಮ ನಗಲಿಲ್ಲ. ಅದು ಕಲ್ಲಿನ ಗುಣ, ಇಷ್ಟಕ್ಕೆಲ್ಲ ಏನೂ ಆಗುವುದಿಲ್ಲ ಎಂದು ಅವರು ಎಷ್ಟು ಹೇಳಿದರೂ ಕೇಳಲಿಲ್ಲ. "ಗಣಿಮಣ್ಣು ಮುಟ್ಟಿದ ಮಿಷಿನನ್ನು ಅನ್ನ ಬೇಯುವಲ್ಲಿ ಇಡ್ತಾರಾ? ನಮ್ಮ ಕಟ್ಟೆಗೆ ನೀವೇ ಹಿಡಿಸಿದ್ದು!" ಮೈಲಿಗೆಯೋ ವಿಕಿರಣವೋ, ಅವಳಿಗೆ ಎರಡೂ ಒಂದೇ. ಕಟ್ಟೆಯನ್ನು ಹುಣಸೆಹುಳಿ ಹಾಕಿ ತಿಕ್ಕಿದಳು.

ಮುಂದಿನ ಆದಿತ್ಯವಾರ ಕರೆಯಲಿಲ್ಲ. ಅವರು ಬಾಗಿಲು ತೆರೆದಿಟ್ಟು, ಇಸ್ತ್ರಿಯ ಅಂಗಿ ಹಾಕಿಕೊಂಡೇ ಕೂತಿದ್ದರು...

ನಿವೃತ್ತರಾದಾಗ ಯಂತ್ರ ಆಫೀಸಿಗೆ ಮರಳಿತು. ಎದುರುಮನೆಯ ಸದ್ದು ನಿಂತದ್ದು ಮೊದಲು ಗೊತ್ತಾದದ್ದು ಅಮ್ಮನಿಗೇ. "ಪಾಪ, ಈಗ ಅದೂ ಇಲ್ಲ" ಎಂದು ಚಡಪಡಿಸಿದಳು. ಕೊನೆಗೊಂದು ದಿನ ಕೆಸುವಿನೆಲೆಯ ಪತ್ರೊಡೆ ಮಾಡಿ, ತಾನೇ ತಟ್ಟೆ ಹಿಡಿದು ಹೋದಳು. ಬಾಗಿಲಿಗೆ ಬೀಗ. ಅಂಬರನಾಥದ ಕಡೆ ಎಲ್ಲೋ ಹೋದರು ಎಂದ ವಾಚ್‌ಮನ್. ಎಲ್ಲಿ ಎಂದು ಅವನಿಗೂ ತಿಳಿದಿರಲಿಲ್ಲ. ತಟ್ಟೆ ಆ ಕಟ್ಟೆಯ ಮೇಲೇ ಆರಿತು.

ಅಮ್ಮನೂ ಈಗಿಲ್ಲ. ಕಟ್ಟೆ ಒಡೆಯುತ್ತಿದ್ದ ಗೌಂಡಿ, ಕಲ್ಲಿನ ತುಂಡೊಂದನ್ನು ಎತ್ತಿ, "ಯೆ ಫೇಂಕ್ ದೂ ಕ್ಯಾ?" ಎಂದು ಎಸೆಯಲು ಹೊರಟ. ಇಸಿದುಕೊಂಡು ಕಿವಿಗೆ ಹಿಡಿದೆ. ಅವನು ನಕ್ಕ. ಹಿಮ್ಮೇಳ ಅದರೊಳಗೆ ಇನ್ನೂ ಇದ್ದೀತು... ನನಗೆ ಕೇಳಿಸಲಿಲ್ಲ.