ಮುಕ್ಕಳಿಸದ ಬಾಯಿಗೆ ಕಾಫಿ

ಬಿಸಿ ತಗುಲಿದರೆ ಹಲ್ಲು ಜುಮ್ಮೆನ್ನುತ್ತಿದ್ದಾಗ ನಾನು ಮಾಡದ ಮದ್ದಿಲ್ಲ. ಲವಂಗದೆಣ್ಣೆ ನಾಲಿಗೆ ಸುಟ್ಟಿತೇ ಹೊರತು ಹಲ್ಲಿಗೆ ಸುದ್ದಿಯೇ ಮುಟ್ಟಲಿಲ್ಲ. ಉಪ್ಪುನೀರು ಎರಡು ದಿನ ನಂಬಿಸಿ ಕೈಕೊಟ್ಟಿತು. ಜುಮ್ಮೆನ್ನುವ ಹಲ್ಲಿಗೆಂದೇ ಮಾರುವ ಪೇಸ್ಟು ತಂದು ತಿಂಗಳುಗಟ್ಟಲೆ ತಿಕ್ಕಿದೆ. ಅದೂ ಅಷ್ಟಕ್ಕಷ್ಟೆ.

ಕೊನೆಗೆ ಕಾಫಿಯನ್ನು ಆರಲು ಬಿಟ್ಟು ಕುಡಿಯತೊಡಗಿದೆ. ಎಡವಟ್ಟಾದದ್ದು ಅಲ್ಲೇ. ಜಯನಗರದ ನಮ್ಮ ಮನೆಯಲ್ಲಿ ಬೆಳಗಿನ ಕಾಫಿ ಎಂಬತ್ತು ದಾಟಿದ ಅಮ್ಮನದು. ಅವಳ ಪಾಲಿಗೆ ಉಳಿದಿದ್ದ ಕೆಲಸ ಅದೊಂದೇ. ಹಲ್ಲಿನ ವಿಷಯ ಹೇಳಿದರೆ ಕೀಳಿಸಿಬಿಡು ಎನ್ನುತ್ತಾಳೆಂದು ನಾನು ಸುಮ್ಮನಿದ್ದೆ. ಕೆನೆಗಟ್ಟಿದ ನನ್ನ ಲೋಟವನ್ನು ವಾರವಿಡೀ ನೋಡಿದ ಅಮ್ಮ ಒಂದು ದಿನ, "ನನ್ನ ಕೈರುಚಿ ಹೋಯ್ತು ಕಣೆ. ನಾಳೆಯಿಂದ ನೀನೇ ಮಾಡ್ಕೋ," ಎಂದು ಫಿಲ್ಟರನ್ನು ತೊಳೆದು ಕವುಚಿಟ್ಟಳು. ಇದ್ದದ್ದನ್ನು ಇದ್ದಂತೆ ಹೇಳಿದೆ.

"ನನಗೆ ಬೇಜಾರಾಗ್ಬಾರ್ದು ಅಂತ ಕತೆ ಕಟ್ತಿದೀಯ."

ಅವಳನ್ನೂ ಆಟೋದಲ್ಲಿ ಕೂರಿಸಿಕೊಂಡು ಬನಶಂಕರಿಯ ದಂತವೈದ್ಯೆಯ ಬಳಿ ಹೋದೆ. ಚಿಕ್ಕ ವಯಸ್ಸಿನ ಆ ಡಾಕ್ಟರು ಪರದೆಯ ಮೇಲೆ ಹಲ್ಲಿನ ಒಳಗಿನ ಚಿತ್ರವೊಂದನ್ನು ದೊಡ್ಡದು ಮಾಡಿ ತೋರಿಸಿದರು. ಕೂದಲಿಗಿಂತ ಸಣ್ಣ ಕೊಳವೆಗಳು, ಸಾವಿರಾರು, ನರದ ಕಡೆಗೆ ಸಾಲಾಗಿ ಹೊರಟಿದ್ದವು. ಮೇಲಿನ ಕವಚ ಸವೆದು ಅವುಗಳ ಬಾಯಿ ತೆರೆದಿದೆಯಂತೆ, ಪೇಸ್ಟಿನ ಔಷಧಿ ಅದನ್ನು ಮುಚ್ಚುತ್ತದಂತೆ. ಅರವತ್ತು ವರ್ಷ ಬಾಯಲ್ಲಿಟ್ಟುಕೊಂಡು ತಿರುಗಿದ್ದೇನೆ, ಇಂಥದ್ದೊಂದು ಒಳಗಿದೆಯೆಂದು ಗೊತ್ತೇ ಇರಲಿಲ್ಲ! ಬೆರಗಾಗಿ ನೋಡುತ್ತಲೇ ಕುಳಿತೆ.

"ಬ್ರಶ್ ಮಾಡಿದ್ಮೇಲೆ ಎಷ್ಟ್ ಸಲ ಬಾಯಿ ಮುಕ್ಕಳಿಸ್ತೀರಾ ಆಂಟಿ?"

"ಹನ್ನೆರಡು," ಎಂದು ನನ್ನ ಪರವಾಗಿ ಅಮ್ಮನೇ ಹೆಮ್ಮೆಯಿಂದ ಹೇಳಿದಳು. ಅದು ನಮ್ಮ ಮಡಿ ಮನೆಯ ಕಟ್ಟಳೆ, ಅವಳೇ ಕಲಿಸಿದ್ದು.

"ಔಷಧಿಯೆಲ್ಲಾ ಸಿಂಕ್‌ಗೆ ಹೋಯ್ತಲ್ಲ! ಮೆತ್ತಗೆ ಉಜ್ಜಿ ಉಗೀರಿ, ಅಷ್ಟೆ. ನೀರು ಹಾಕ್ಬೇಡಿ. ಅರ್ಧ ಗಂಟೆ ಏನೂ ಕುಡೀಬೇಡಿ. ಅದಕ್ಕೂ ಜುಮ್ಮೆನ್ನೋದು ಹೋಗ್ಲಿಲ್ಲ ಅಂದ್ರೆ ಇಲ್ಲೇ ಮೇಲಿಂದ ಔಷಧಿ ಹಚ್ಚೋಣ."

ಮುಕ್ಕಳಿಸದ ಬಾಯಿಗೆ ಅಮ್ಮ ಈ ಜನ್ಮದಲ್ಲಿ ಕಾಫಿ ಕೊಟ್ಟವಳಲ್ಲ. ಮರುದಿನ ಬೆಳಿಗ್ಗೆ ಹಲ್ಲುಜ್ಜಿ, ಅಭ್ಯಾಸಬಲದಿಂದ ನಲ್ಲಿಗೆ ಕೈ ಚಾಚಿದೆ.

"ನೀರು ಮುಟ್ಬೇಡ. ಉಗಿದು ಬಾ, ಸಾಕು."

ತಿರುಗಿ ನೋಡಿದರೆ ಅಮ್ಮ ಫಿಲ್ಟರಿಗೆ ಪುಡಿ ಹಾಕುತ್ತಿದ್ದಳು. ಆಮೇಲೆ ಗಡಿಯಾರದ ಎದುರು ಕುರ್ಚಿ ಎಳೆದುಕೊಂಡು, ಹಾಲು ಬೆರೆಸದೆ ಅರ್ಧ ಗಂಟೆ ಕಾದಳು. ದಿನವೂ ಕಾದಳು. ಹಲ್ಲಿನ ಕೊಳವೆಗಳಿಗಿಂತ ನನಗೆ ಇದೇ ದೊಡ್ಡ ಸೋಜಿಗ.

ಐದನೆಯ ವಾರದಲ್ಲೊಂದು ಬೆಳಿಗ್ಗೆ ಹಬೆಯಾಡುವ ಕಾಫಿ ಹಲ್ಲು ದಾಟಿ ಸುಮ್ಮನೆ ಗಂಟಲಿಗಿಳಿಯಿತು. ನಂಬಲಾಗದೆ ಇನ್ನೊಂದು ಗುಟುಕು ಕುಡಿದೆ, ಮತ್ತೊಂದು ಕುಡಿದೆ. ಅಮ್ಮ ಖಾಲಿ ಲೋಟವನ್ನು ತೆಗೆದುಕೊಂಡು ಒಳಗೆ ಬಗ್ಗಿ ನೋಡಿದಳು. ಕೆನೆ ಇರಲಿಲ್ಲ.

"ಹಾಗಾದ್ರೆ ನನ್ನ ಕೈ ಸರಿಯಾಗೇ ಇತ್ತು," ಎಂದಳು.