ದುಂಡು ಮನೆಯ ಹಗ್ಗ

ಆ ಮನೆಗೆ ಮೂಲೆ ಅನ್ನೋದೇ ಇಲ್ಲ. ನೂರು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ಬಳೆಯ ಹಾಗೆ ದುಂಡಗೆ ಕಟ್ಟಿಸಿದ್ದು. ಹನ್ನೆರಡು ಕಿಟಕಿ, ಒಂದೊಂದಕ್ಕೂ ಒಂದೊಂದು ಬಣ್ಣದ ಗಾಜು. "ಮೂಲೆ ಇದ್ರೆ ತಾನೇ ಹೆಂಡ್ತಿ ಮುನಿಸಿಕೊಂಡು ಕೂರೋದು!" ಅಂತ ಗೈಡಣ್ಣ ಹೇಳಿದರೆ ನೋಡಲು ಬಂದವರು ಬಿದ್ದು ಬಿದ್ದು ನಗುತ್ತಿದ್ದರು. ಅಲ್ಲೇ ಕಸ ಗುಡಿಸುತ್ತಿದ್ದ ಅವನ ಹೆಂಡತಿ ಮಾತ್ರ ನಗುತ್ತಿರಲಿಲ್ಲ. ಇಪ್ಪತ್ತು ವರ್ಷ ಅದೇ ಹಾಸ್ಯ ಕೇಳಿದರೆ ಯಾರಿಗೆ ತಾನೇ ನಗು ಬಂದೀತು?

ಅವಳೊಬ್ಬಳಿಗೇ ಗೊತ್ತಿದ್ದ ಗುಟ್ಟೊಂದಿತ್ತು. ಮೂರು ವರ್ಷದಿಂದ ಗೈಡಣ್ಣನಿಗೆ ಕಣ್ಣು ಕಾಣುತ್ತಿರಲಿಲ್ಲ. ಎಡಗೈ ಗೋಡೆಗಿಟ್ಟು ಹೊರಟರೆ, ಕಿಟಕಿ ಎಣಿಸುತ್ತಾ, "ಇದು ಕೆಂಪು, ಇದು ಜೇನಿನ ಬಣ್ಣ" ಅನ್ನುತ್ತಾ, ಒಂದು ಸುತ್ತು ಮುಗಿಸಿ ಬಾಗಿಲಿಗೇ ಬಂದು ನಿಲ್ಲುತ್ತಿದ್ದ. ಯಾರಿಗೂ ಎಳ್ಳಷ್ಟೂ ಅನುಮಾನ ಬಂದಿರಲಿಲ್ಲ.

ಹೀಗಿರುವಾಗ ಆ ಮನೆಯ ಉಸ್ತುವಾರಿಗೆ ಹೊಸ ಸಾಹೇಬರು ಬಂದರು. ಹಳೇ ಗೋಡೆ, ಯಾರೂ ಮುಟ್ಟಬಾರದು ಅಂತ ಗೋಡೆಯಿಂದ ಒಂದು ಮಾರು ದೂರಕ್ಕೆ ಒಳಗೆಲ್ಲ ಸುತ್ತಲೂ ಹಗ್ಗ ಕಟ್ಟಿಸಿದರು. ಸೋಮವಾರ ಬಂದು ಗೈಡಣ್ಣನ ಕೆಲಸ ನೋಡುತ್ತೇನೆ ಅಂದರು.

"ಮುಗೀತು ಕಣೇ ನನ್ನ ಕಥೆ," ಅಂದ ಗೈಡಣ್ಣ.

"ಬಾಯಿ ಮುಚ್ಕೊಂಡು ಊಟ ಮಾಡ್ರೀ," ಅಂತ ಗದರಿದಳು. ಗದರಿದ್ದೇನೋ ಹೌದು, ರಾತ್ರಿಯೆಲ್ಲ ಕೂತು ದಾರಿ ಯೋಚಿಸಿದಳು. ಕೇಳುವ ಜನ ಇಲ್ಲದಿದ್ದರೆ ಈ ಮನುಷ್ಯ ಕೊರಗಿಯೇ ಹೋಗುತ್ತಾನೆ, ಅದು ಅವಳಿಗೆ ಚೆನ್ನಾಗಿ ಗೊತ್ತು.

ಸೋಮವಾರ ಬೆಳಿಗ್ಗೆ ಬೀಗ ತೆಗೆದವಳೇ ಪೊರಕೆ ಬದಿಗಿಟ್ಟಳು. ಒಂದೊಂದು ಕಿಟಕಿಯ ಎದುರಿಗೂ ಹಗ್ಗಕ್ಕೆ ದಪ್ಪ ನೂಲು ಸುತ್ತಿ ಒಂದೊಂದು ಗಂಟು ಹಾಕಿದಳು. ಬಾಗಿಲ ಹತ್ತಿರ ಎರಡು. "ಇನ್ಮೇಲೆ ಇದೇ ನಿಮ್ಮ ಗೋಡೆ," ಅಂತ ಗಂಡನ ಕೈ ಹಿಡಿದು ಹಗ್ಗದ ಮೇಲಿಟ್ಟಳು.

ಸಾಹೇಬರು ಬಂದರು. ಆರು ಕಿಟಕಿ ಸಲೀಸಾಗಿ ಮುಗಿದವು. ಏಳನೆಯ ಗಂಟು ಮಾತ್ರ ಸಡಿಲವಾಗಿ ಎತ್ತಲೋ ಜಾರಿಹೋಗಿತ್ತು. ಗೈಡಣ್ಣನ ಕೈ ಹಗ್ಗದ ಮೇಲೆ ತಡಕಾಡಿತು, ಮಾತು ನಿಂತಿತು. ಗುಡಿಸುವ ನೆಪದಲ್ಲಿ ಹಿಂದೆಯೇ ಬರುತ್ತಿದ್ದ ಅವಳು ಮುಂದೆ ನುಗ್ಗಿದಳು. ಆ ಕಿಟಕಿಯ ಕೆಳಗೆ ಕೈಲಿದ್ದ ಪೊರಕೆಯನ್ನು ಧೊಪ್ಪನೆ ಬೀಳಿಸಿದಳು.

ಗೈಡಣ್ಣ ಸದ್ದಿನ ಕಡೆ ತಿರುಗಿದ. "ಇದು ನೀಲಿ ಸ್ವಾಮಿ, ಏಳನೇದು."

ಸಾಹೇಬರು ಬಿದ್ದ ಪೊರಕೆ ನೋಡಿದರು, ಹಗ್ಗದ ಗಂಟುಗಳನ್ನು ನೋಡಿದರು. ಸುತ್ತು ಮುಗಿದ ಮೇಲೆ ಅವಳ ಹತ್ತಿರ ಬಂದು ದನಿ ತಗ್ಗಿಸಿದರು.

"ಏಳನೇ ಗಂಟು ಸರಿಯಾಗಿ ಬಿಗಿದುಬಿಡಮ್ಮ. ನಾಳೆ ಶಾಲೆ ಮಕ್ಕಳು ಬರ್ತಾರೆ, ಹಗ್ಗ ಎಳೆದಾಡ್ತಾರೆ."

ಅವಳಿಗೆ ಅಳು ಉಕ್ಕಿ ಬಂತು. ತಲೆಯಾಡಿಸಿದಳು.

ಸಾಹೇಬರ ಹೆಜ್ಜೆ ಸದ್ದು ದೂರವಾದ ಮೇಲೆ ಗೈಡಣ್ಣ ಬಾಗಿಲಿಂದಲೇ ಕೇಳಿದ, "ಏನಂತೆ ಕಣೇ?"

"ನಾಳೆ ಶಾಲೆ ಮಕ್ಕಳು ಬರ್ತಾರಂತೆ ರೀ," ಅಂದಳು, ಕಣ್ಣೊರೆಸಿಕೊಂಡು ನೂಲು ಹುಡುಕುತ್ತಾ. "ಆ ಹೆಂಡ್ತಿ ಹಾಸ್ಯ ಮಾತ್ರ ಬೇಡ."